ಪಾದಕ್ಕೊಂದು ಹೊಸ ನೆಲೆ

ಏತದ ಮರದ ಮೇಲೆ ಬರಿಗಾಲಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದಾಡುತ್ತ, ತನ್ನ ಮೈಭಾರವೊಂದನ್ನೇ ಬಂಡವಾಳ ಮಾಡಿಕೊಂಡು ಬಾವಿಯ ನೀರನ್ನು ಗದ್ದೆಗೆ ಎತ್ತುತ್ತಿದ್ದವರನ್ನು ಕಂಡವರು ಈಗ ವಿರಳ. ಬಾಲ್ಯದಲ್ಲಿ ನಾನು ಅಂಥ ಒಬ್ಬ ಮುದುಕನನ್ನು ಗಂಟೆಗಟ್ಟಲೆ ನೋಡುತ್ತ ನಿಂತದ್ದುಂಟು. ಅವನು ಮರದ ಕೊನೆಯವರೆಗೆ ಎಂದೂ ಹೋಗುತ್ತಿರಲಿಲ್ಲ. ಆನಿಕೆಯ ಅಚ್ಚಿನಿಂದ ಎಣಿಸಿದಂತೆ ಕೆಲವೇ ಹೆಜ್ಜೆ ಸರಿದು, ಅಲ್ಲಿ ಒಂದು ಕ್ಷಣ ನಿಂತು, ಮರ ಬಾಗತೊಡಗಿದೊಡನೆ ಹಿಂದಿರುಗುತ್ತಿದ್ದ. ಅರ್ಧ ಹೆಜ್ಜೆ ಕಡಮೆಯಾದರೆ ಬಾನಿ ಏಳದು, ಅರ್ಧ ಹೆಜ್ಜೆ ಹೆಚ್ಚಾದರೆ ಅದು ಧಡಕ್ಕನೆ ಎದ್ದು ನೀರೆಲ್ಲ ಚೆಲ್ಲುವುದು. ಸನ್ನೆಗೋಲಿನ ಸಿದ್ಧಾಂತವನ್ನು ಅವನಿಗೆ ಯಾರೂ ಬೋಧಿಸಿರಲಿಲ್ಲ. ಆದರೆ ಪಾದವು ಊರುವ ಸ್ಥಳಕ್ಕೂ ಅದರಿಂದಾಗುವ ಕೆಲಸಕ್ಕೂ ನಡುವೆ ಗೇಣಿನ ಲೆಕ್ಕವೊಂದು ಇದೆಯೆಂಬುದನ್ನು ಅವನ ಅಂಗಾಲು ಬಲ್ಲದಾಗಿತ್ತು.

ಆ ಮುದುಕನ ನೆನಪು ನನಗೆ ಬಹುಕಾಲದ ಮೇಲೆ ಮರಳಿ ಬಂದದ್ದು, ಮೈಸೂರಿನ ನಮ್ಮ ಮನೆಯ ಜಗುಲಿಯಲ್ಲಿ, ನನ್ನ ಅಕ್ಕನ ಮಗನು ಹಳೆಯ ದಿನಪತ್ರಿಕೆಯೊಂದನ್ನು ಹಾಸಿ ಅದರ ಮೇಲೆ ಒಂದು ರಟ್ಟಿನ ಪೆಟ್ಟಿಗೆಯನ್ನು ಬೋರಲು ಹಾಕಿದಾಗ. ಅವನಲ್ಲಿ ಒಂದು ಯಮಹಾ ಆರ್‌ಎಕ್ಸ್ 100 ಬೈಕು ಇದೆ: 1985ರಿಂದ 1996ರವರೆಗೆ ನಮ್ಮ ದೇಶದಲ್ಲಿ ತಯಾರಾಗುತ್ತಿದ್ದ, 98 ಸಿಸಿಯ, ಎರಡು ಸ್ಟ್ರೋಕಿನ, ತನ್ನ ಗಾತ್ರಕ್ಕೆ ಮೀರಿದ ಚುರುಕಿನಿಂದ ಒಂದು ತಲೆಮಾರಿನ ತರುಣರನ್ನು ಮರುಳುಮಾಡಿದ ಬಂಡಿ. ಆ ಬಂಡಿಗೆ ಹಾಕಲೆಂದು ಅವನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಸಾಮಾನು ಅದು. ಎರಡು ಅಲ್ಯೂಮಿನಿಯಂ ಫಲಕಗಳು, ಗರಗಸದ ಹಲ್ಲಿನಂತೆ ಗೀರುಗಳುಳ್ಳ ಎರಡು ಮೋಟು ಫುಟ್‌ರೆಸ್ಟುಗಳು, ಒಂದು ಗೇರ್ ಲಿವರು, ಒಂದು ಬ್ರೇಕ್ ಪೆಡಲು, ಎರಡು ತುದಿಗಳಲ್ಲಿಯೂ ಗುಂಡಿನ ಕೀಲುಗಳುಳ್ಳ ಒಂದು ಸಣ್ಣ ಸರಳು, ಮತ್ತು ಹಿಡಿತುಂಬ ಬೋಲ್ಟುಗಳು. ಇದನ್ನು ನಮ್ಮ ಮೆಕ್ಯಾನಿಕ್ಕುಗಳು ರಿಯರ್‌ಸೆಟ್ ಎನ್ನುತ್ತಾರೆ. ಕಾರ್ಖಾನೆಯವರು ಕೊಟ್ಟ ಫುಟ್‌ರೆಸ್ಟನ್ನು ಕಳಚಿ, ಪಾದದ ನೆಲೆಯನ್ನು ಒಂದಷ್ಟು ಹಿಂದಕ್ಕೂ ಒಂದಷ್ಟು ಮೇಲಕ್ಕೂ ಒಯ್ಯುವುದೇ ಇದರ ಪರಮೋದ್ದೇಶ. ‘ನಾಲ್ಕು ಬೋಲ್ಟಿನ ಕೆಲಸ, ಮಾಮಾ’ ಎಂದ ಹುಡುಗ. ನಾಲ್ಕು ಬೋಲ್ಟಿನ ಆ ಕೆಲಸ ಹನ್ನೊಂದು ದಿನ ಹಿಡಿಯಿತು.

ಈ ಗೀಳು ಹುಟ್ಟಿದ್ದು ನಮ್ಮಲ್ಲಲ್ಲ. ಪಂದ್ಯದ ಮೋಟಾರುಸೈಕಲುಗಳಲ್ಲಿ ಪಾದಗಳನ್ನು ಹಿಂದಕ್ಕಿಡುವ ಪದ್ಧತಿ ಮೊದಲೇ ಇದ್ದಿತಾದರೂ, ಅದನ್ನು ಬೀದಿಗೆ ತಂದವರು ಎರಡನೆಯ ಮಹಾಯುದ್ಧದ ತರುವಾಯದ ಇಂಗ್ಲೆಂಡಿನ ತರುಣರು. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ 1938ರಲ್ಲಿ ತೆರೆದು, ಯುದ್ಧದಲ್ಲಿ ಬಾಂಬಿಗೆ ತುತ್ತಾಗಿ, 1949ರಲ್ಲಿ ಮತ್ತೆ ಕಟ್ಟಲ್ಪಟ್ಟ ಏಸ್ ಕೆಫೆ ಎಂಬ ಹೋಟೆಲಿನ ಮುಂದೆ ಸಂಜೆ ಸೇರಿ, ಚಹಾ ಕುಡಿದು, ತಮ್ಮ ಬಿ.ಎಸ್.ಎ., ಟ್ರಯಂಫ್, ನಾರ್ಟನ್ ಬಂಡಿಗಳ ವೇಗವನ್ನು ಪರಸ್ಪರ ಪರೀಕ್ಷಿಸುತ್ತಿದ್ದ ಆ ಹುಡುಗರು ಹ್ಯಾಂಡಲನ್ನು ತಗ್ಗಿಸಿ ಪೆಟ್ರೋಲ್ ಟ್ಯಾಂಕಿನ ಮೇಲೆ ಎದೆಯಿಟ್ಟು ಮಲಗತೊಡಗಿದರು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರತಕ್ಕದ್ದು. ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿ. ಆದುದರಿಂದ ವೇಗ ಬೇಕಾದವನು ಮೊದಲು ತನ್ನ ಎದೆಯನ್ನು ಗಾಳಿಯಿಂದ ಮರೆಮಾಡಬೇಕು. ಆದರೆ ಮುಂದಕ್ಕೆ ಮಲಗಿದವನ ಕಾಲುಗಳು ಕುರ್ಚಿಯಲ್ಲಿ ಕುಳಿತವನಂತೆ ಮುಂದಕ್ಕೇ ಚಾಚಿದ್ದರೆ ಅವನ ನಡುವಿನ ಗತಿಯೇನು? ಮೈ ಮುಂದೆ ಬಾಗಿದರೆ ಪಾದ ಹಿಂದೆ ಸರಿಯಲೇಬೇಕು. ರಿಯರ್‌ಸೆಟ್ಟಿನ ಮೊದಲ ಕಾರಣ ಇಷ್ಟೇ. ಅದು ಬೆನ್ನೆಲುಬಿನ ಬೇಡಿಕೆ.

ಎರಡನೆಯ ಕಾರಣವನ್ನು ಕುದುರೆ ಸವಾರರಿಂದ ಕಲಿಯಬಹುದು. ನಮ್ಮ ಹಳೆಯ ಭಾಷೆಯಲ್ಲಿ ಅಂಕವಣಿಯೆಂದು ಹೆಸರುಳ್ಳ ರಿಕಾಪನ್ನು ಗಿಡ್ಡಮಾಡಿ, ಜೀನಿನಿಂದ ಮೇಲೆದ್ದು, ಕುದುರೆಯ ಕತ್ತಿನ ಕಡೆಗೆ ಮುದುಡಿ ಕೂರುವ ಜಾಕಿಯ ಭಂಗಿ ಇಂಗ್ಲೆಂಡಿನ ಪಂದ್ಯಗಳಲ್ಲಿ ರೂಢವಾದದ್ದು, 1897ರಲ್ಲಿ ಟಾಡ್ ಸ್ಲೋನ್ ಎಂಬ ಅಮೆರಿಕದ ಸವಾರ ಅಲ್ಲಿಗೆ ಹೋದ ಮೇಲೆ. ಮೊದಲು ನಕ್ಕವರು ಆಮೇಲೆ ತಾವೂ ಹಾಗೆಯೇ ಕುಳಿತರು. ಪಂದ್ಯದ ಕಾಲ ನೂರಕ್ಕೆ ಐದರಿಂದ ಏಳರಷ್ಟು ಇಳಿಯಿತು. ಕಾಲುಗಳು ಮಡಿಚಿದ ಸ್ಪ್ರಿಂಗುಗಳಾಗಿ, ಕುದುರೆಯ ಮೈ ಕುಪ್ಪಳಿಸಿದರೂ ಸವಾರನ ಮೈ ಸಮರೇಖೆಯಲ್ಲಿ ಸಾಗುವುದರಿಂದ, ಆ ಭಾರವನ್ನು ಹೆಜ್ಜೆಹೆಜ್ಜೆಗೂ ಎತ್ತಿ ಇಳಿಸುವ ದಂಡದ ದುಡಿಮೆ ಪ್ರಾಣಿಗೆ ತಪ್ಪಿತು. ಮೋಟಾರುಸೈಕಲಿನಲ್ಲಿಯೂ ಪಾದವು ಸೊಂಟದ ಕೆಳಗೇ ಬಂದರೆ ಸವಾರನು ಹಳ್ಳ ಸಿಕ್ಕಿದಾಗ ಕ್ಷಣಮಾತ್ರ ಎದ್ದು ನಿಲ್ಲಬಲ್ಲ; ಪಾದ ಮುಂದಿದ್ದರೆ ಕೈಯೂರಿಯೇ ಏಳಬೇಕು. ಕುರ್ಚಿಯಿಂದ ಏಳುವಾಗ ನೀವು ಪಾದಗಳನ್ನು ಮೊದಲು ಹಿಂದಕ್ಕೆಳೆದುಕೊಳ್ಳುತ್ತೀರಿ. ಎಳೆದುಕೊಳ್ಳದೆ ಏಳಲು ಒಮ್ಮೆ ಯತ್ನಿಸಿ ನೋಡಿ.

ಇನ್ನು ನನ್ನ ಅಳಿಯನು ಎಲ್ಲಕ್ಕಿಂತ ಉತ್ಸಾಹದಿಂದ ಹೇಳಿದ ಮೂರನೆಯ ಕಾರಣ: ತಿರುವಿನಲ್ಲಿ ಬಾಗಲು ಅನುಕೂಲ. ತಿರುವಿನಲ್ಲಿ ಬಂಡಿ ಎಷ್ಟು ಬಾಗಬೇಕೆಂಬುದನ್ನು ವೇಗದ ವರ್ಗವೂ ತಿರುವಿನ ತ್ರಿಜ್ಯವೂ ನಿರ್ಣಯಿಸುತ್ತವೆ. ಎಷ್ಟು ಬಾಗಬಹುದೆಂಬುದನ್ನು ಮೊದಲು ನೆಲಕ್ಕೆ ತಗಲುವ ಭಾಗವು ನಿರ್ಣಯಿಸುತ್ತದೆ. ಫುಟ್‌ರೆಸ್ಟಿನ ತುದಿ ನೆಲದಿಂದ 28 ಸೆಂಟಿಮೀಟರ್ ಎತ್ತರದಲ್ಲಿಯೂ ಬಂಡಿಯ ಮಧ್ಯರೇಖೆಯಿಂದ 35 ಸೆಂಟಿಮೀಟರ್ ಹೊರಗೂ ಇದೆಯೆನ್ನೋಣ. ಟೈರಿನ ದಪ್ಪವನ್ನು ಕ್ಷಮಿಸಿಬಿಟ್ಟರೆ, ಸುಮಾರು 39 ಡಿಗ್ರಿ ವಾಲಿದಾಗ ಆ ತುದಿ ನೆಲವನ್ನು ಗೀರುತ್ತದೆ. ಅದನ್ನು 6 ಸೆಂಟಿಮೀಟರ್ ಎತ್ತಿ 3 ಸೆಂಟಿಮೀಟರ್ ಒಳಗೆ ತಂದರೆ ಆ ಮಿತಿ ಸುಮಾರು 47 ಡಿಗ್ರಿಗೆ ಏರುತ್ತದೆ. 40 ಮೀಟರ್ ತ್ರಿಜ್ಯದ ತಿರುವಿನಲ್ಲಿ ಇದರ ಅರ್ಥ, ಗಂಟೆಗೆ 64 ಕಿಲೋಮೀಟರಿನ ಬದಲು 73ರಲ್ಲಿ ಹಾಯಬಹುದು. ಲೆಕ್ಕ ಕಾಗದದ ಮೇಲೆ ಬಹು ಸೊಗಸು. ಆದರೆ ಎರಡನೆಯ ವೇಗದಲ್ಲಿ ತಿರುಗಲು ಟೈರಿಗೂ ರಸ್ತೆಗೂ ನಡುವಿನ ಘರ್ಷಣೆಯು ಬಂಡಿಯ ತೂಕವನ್ನೂ ಮೀರಬೇಕು. ಪಂದ್ಯದ ಮೈದಾನದಲ್ಲಿ ಬಿಸಿಯಾದ ಮೆತ್ತನೆಯ ಟೈರಿಗೆ ಅದು ಸಾಧ್ಯ, ಮರಳು ಚೆಲ್ಲಿದ ನಮ್ಮ ಬಡಾವಣೆಯ ತಿರುವಿನಲ್ಲಿ ಮೊದಲನೆಯ ವೇಗವೇ ದುಸ್ಸಾಹಸ. ನಾನಿದನ್ನು ಬಿಡಿಸಿ ಹೇಳಿದೆ. ಹುಡುಗ ವಿನಯದಿಂದ ಕೇಳಿ, ಸ್ಪ್ಯಾನರ್ ಕೈಗೆತ್ತಿಕೊಂಡ.

ಎಡಗಡೆಯ ಕೆಲಸ ಮೊದಲು. ಹಳೆಯ ಗೇರ್ ಲಿವರು ಗೇರ್ ಬಾಕ್ಸಿನಿಂದ ಹೊರಬಂದ ಹಲ್ಲುಗಳುಳ್ಳ ಶಾಫ್ಟಿಗೆ ನೇರವಾಗಿ ಕಚ್ಚಿಕೊಂಡಿರುತ್ತದೆ. ಪಾದವೇ ಹಿಂದೆ ಸರಿದ ಮೇಲೆ ಕಾಲ್ಬೆರಳಿಗೆ ಆ ಲಿವರು ಎಟುಕದು. ಹಿಂದಿನವರಲ್ಲಿ ಕೆಲವರು ಇದಕ್ಕೆ ಕಂಡುಕೊಂಡ ಉಪಾಯ ಅತಿ ಸರಳ: ಲಿವರನ್ನು ಶಾಫ್ಟಿನಿಂದ ಕಿತ್ತು, ಹಿಮ್ಮುಖ ಮಾಡಿ ಮತ್ತೆ ಕಚ್ಚಿಸುವುದು. ಅದು ಪಾದಕ್ಕೆ ಎಟುಕಿತು, ನಿಜ. ಆದರೆ ಮೊದಲು ಕೆಳಕ್ಕೆ ಒತ್ತಿದರೆ ಯಾವ ದಿಕ್ಕಿಗೆ ಶಾಫ್ಟು ತಿರುಗುತ್ತಿತ್ತೋ ಈಗ ಅದರ ವಿರುದ್ಧ ದಿಕ್ಕಿಗೆ ತಿರುಗಿ, ಗೇರುಗಳ ಕ್ರಮವೆಲ್ಲ ತಲೆಕೆಳಗಾಯಿತು. ಮೇಲಿನ ಗೇರು ಬೇಕೆಂದವನಿಗೆ ಕೆಳಗಿನದು ಬೀಳುತ್ತಿತ್ತು. ಅಭ್ಯಾಸಬಲದಿಂದ ಪಾದ ಎಸಗುವ ಪ್ರಮಾದಗಳು ಎಷ್ಟು ಘೋರವೆಂದರೆ, ಯಾವ ಕಾಲಿಗೆ ಯಾವ ಕೆಲಸವೆಂಬ ವಿಷಯದಲ್ಲಿ ದೇಶದೇಶಗಳ ಕಾರ್ಖಾನೆಗಳು ಬೇರೆಬೇರೆ ಸಂಪ್ರದಾಯ ಹಿಡಿದಿದ್ದುದನ್ನು ಕಂಡು ಅಮೆರಿಕದ ಸರ್ಕಾರವು 1974ರ ಸೆಪ್ಟೆಂಬರಿನಿಂದ ಗೇರು ಎಡಗಾಲಿಗೆ, ಹಿಂಚಕ್ರದ ಬ್ರೇಕು ಬಲಗಾಲಿಗೆ ಎಂದು ವಿಧಿಸಬೇಕಾಯಿತು. ಬಲಗಾಲಿನಲ್ಲಿ ಗೇರು ಇಡುತ್ತಿದ್ದ ಇಂಗ್ಲೆಂಡಿನ ಕಾರ್ಖಾನೆಗಳು ಆ ಮಾರುಕಟ್ಟೆಗಾಗಿ ತಮ್ಮ ಬಂಡಿಗಳ ಒಳಾಂಗವನ್ನೇ ಬದಲಿಸಿಕೊಂಡವು.

ಪೆಟ್ಟಿಗೆಯಲ್ಲಿದ್ದ ಗುಂಡುಕೀಲಿನ ಸರಳು ಈ ತೊಡಕನ್ನು ಬೇರೆ ಬಗೆಯಲ್ಲಿ ಬಿಡಿಸುತ್ತದೆ. ಶಾಫ್ಟಿಗೆ ಒಂದು ಮೋಟು ತೋಳು, ಹಿಂದಿನ ಫಲಕದಲ್ಲಿ ತನ್ನದೇ ಅಚ್ಚಿನ ಮೇಲೆ ತಿರುಗುವ ಹೊಸ ಲಿವರಿಗೆ ಇನ್ನೊಂದು ಮೋಟು ತೋಳು, ಎರಡನ್ನೂ ಕೂಡಿಸುವುದಕ್ಕೆ ಸರಳು. ಎರಡು ತೋಳುಗಳೂ ಒಂದೇ ದಿಕ್ಕಿಗೆ, ಅಂದರೆ ಎರಡೂ ಕೆಳಕ್ಕೋ ಎರಡೂ ಮೇಲಕ್ಕೋ ಇದ್ದು ಉದ್ದವೂ ಸಮನಾಗಿದ್ದರೆ, ಸರಳು ಮತ್ತು ಚಾಸಿಯೊಡನೆ ಸೇರಿ ಅವು ಒಂದು ಸಮಾಂತರ ಚತುರ್ಭುಜವಾಗುತ್ತವೆ. ಒಂದು ತಿರುಗಿದಷ್ಟೇ ಇನ್ನೊಂದು ಅದೇ ದಿಕ್ಕಿಗೆ ತಿರುಗುತ್ತದೆ. ಒಂದು ತೋಳು ಮೇಲಕ್ಕೂ ಇನ್ನೊಂದು ಕೆಳಕ್ಕೂ ಇದ್ದರೆ ಕ್ರಮ ಮತ್ತೆ ತಲೆಕೆಳಗು. ನಮ್ಮ ಹುಡುಗ ಮೊದಲ ದಿನ ಹಾಗೆಯೇ ಜೋಡಿಸಿದ್ದ.

ಇಲ್ಲಿ ಏತದ ಮುದುಕನ ಲೆಕ್ಕ ಮರಳಿ ಬರುತ್ತದೆ. ಹಳೆಯ ಲಿವರಿನ ಉದ್ದ 12 ಸೆಂಟಿಮೀಟರ್, ಹೊಸದರದು 10, ಮೋಟು ತೋಳುಗಳೆರಡೂ 4 ಸೆಂಟಿಮೀಟರ್ ಎಂದಾದರೆ, ಗೇರು ಬೀಳಿಸಲು ಕಾಲ್ಬೆರಳು ಮೊದಲಿಗಿಂತ ಐದನೆಯ ಒಂದು ಪಾಲು ಹೆಚ್ಚು ಬಲ ಹಾಕಬೇಕು. ಶಾಫ್ಟಿನ ತೋಳನ್ನು 5 ಸೆಂಟಿಮೀಟರಿಗೆ ಹಿಗ್ಗಿಸಿದರೆ ಬಲವು ಮೊದಲಿಗಿಂತ ತುಸು ಹಗುರವೇ ಆಗುತ್ತದೆ. ಆದರೆ ಕಾಲ್ಬೆರಳು ಚಲಿಸುವ ದೂರ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ವಸೂಲು ಮಾಡದೆ ಬಿಡುವ ಸನ್ನೆಗೋಲು ಲೋಕದಲ್ಲಿ ಇಲ್ಲ. ಸರಳು ಮತ್ತು ತೋಳುಗಳ ನಡುವಿನ ಕೋನವೂ ಮುಖ್ಯ. ಲಂಬಕೋನದಲ್ಲಿ ತಳ್ಳಿದ ಬಲವೆಲ್ಲ ತಿರುಗಿಸುವುದಕ್ಕೇ ವಿನಿಯೋಗವಾಗುತ್ತದೆ. 45 ಡಿಗ್ರಿಗೆ ಇಳಿದರೆ ನೂರರಲ್ಲಿ ಮೂವತ್ತರಷ್ಟು ಶಾಫ್ಟಿನ ಬುಷ್ಷನ್ನು ಸವೆಸಲು ವ್ಯಯವಾಗುತ್ತದೆ. ಗೇರು ಮೇಲಕ್ಕೆ ಸಲೀಸಾಗಿ ಬಿದ್ದು ಕೆಳಕ್ಕೆ ಮಾತ್ರ ಮೊಂಡುಹಿಡಿದರೆ, ದೋಷವನ್ನು ಗೇರ್ ಬಾಕ್ಸಿನಲ್ಲಿ ಹುಡುಕುವ ಮೊದಲು ಈ ಕೋನವನ್ನು ನೋಡತಕ್ಕದ್ದು. ಸರಿಪಡಿಸುವ ಉಪಾಯ ಸರಳಿನಲ್ಲಿಯೇ ಇದೆ: ಅದರ ಒಂದು ತುದಿಯ ಮರೆ, ಎಂದರೆ ತಿರುಪಿನ ಸುತ್ತು, ಬಲಕ್ಕೆ, ಇನ್ನೊಂದರದು ಎಡಕ್ಕೆ. ನಡುವೆ ಹಿಡಿದು ಒಂದು ಸುತ್ತು ತಿರುವಿದರೆ ಎರಡು ತುದಿಗಳೂ ಒಂದೊಂದು ಮಿಲಿಮೀಟರ್ ಹೊರಬಂದು, ಕೀಲನ್ನು ಕಳಚದೆಯೇ ಉದ್ದವು 2 ಮಿಲಿಮೀಟರ್ ಹೆಚ್ಚುತ್ತದೆ.

ಬಲಗಡೆಯಲ್ಲಿ ನಾವು ಸೋತೆವು. ಸೋಲಿನ ವೃತ್ತಾಂತವನ್ನು ತುಸು ವಿಸ್ತರಿಸಿ ಹೇಳುವುದು ಕರ್ತವ್ಯ.

ಈ ಬಂಡಿಯ ಹಿಂಚಕ್ರದಲ್ಲಿರುವುದು ಡ್ರಮ್ ಬ್ರೇಕು. ಪೆಡಲನ್ನು ಅದುಮಿದರೆ ಅದರ ಅಚ್ಚಿನಿಂದ ಮೇಲಕ್ಕೆ ಚಾಚಿದ ತೋಳು ಮುಂದಕ್ಕೆ ಬಾಗಿ, ಉದ್ದನೆಯ ಬ್ರೇಕ್ ರಾಡನ್ನು ಎಳೆದು, ಡ್ರಮ್ಮಿನ ಲಿವರನ್ನು ತಿರುಗಿಸಿ, ಒಳಗಿನ ಶೂಗಳನ್ನು ಅಗಲಿಸುತ್ತದೆ. ಬಂಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ನಾವು ಹೊಸ ಪೆಡಲಿಗೆ ತಕ್ಕಂತೆ ರಾಡನ್ನು ಕತ್ತರಿಸಿ, ಮರೆ ಕೊರೆಸಿ, ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ ನಟ್ಟನ್ನು ಬಿಗಿಮಾಡಿದೆವು. ಪೆಡಲು ಎರಡು ಬೆರಳು ಇಳಿಯುವಷ್ಟರಲ್ಲಿ ಚಕ್ರ ಕಚ್ಚಿಕೊಂಡು ನಿಂತಿತು. ಇದಕ್ಕಿಂತ ಸಮರ್ಪಕವಾದ ಬ್ರೇಕು ಉಂಟೆ! ಹುಡುಗ ಮುಂದೆ, ನಾನು ಹಿಂದೆ, ನನ್ನ ಎರಡು ಕಾಲುಗಳೂ ಊರಲು ತಾಣವಿಲ್ಲದೆ ತ್ರಿಶಂಕುವಿನಂತೆ ತೂಗಾಡುತ್ತ, ಬೀದಿಯ ಕೊನೆಯ ಇಳಿಜಾರಿಗೆ ಹೋದೆವು. ಅವನು ಬ್ರೇಕನ್ನು ತುಳಿದ. ಪೆಡಲು ಯಾವ ಪ್ರತಿಭಟನೆಯನ್ನೂ ತೋರದೆ ಸೈಲೆನ್ಸರಿನವರೆಗೆ ಇಳಿಯಿತು. ಮುಂದಿನ ಬ್ರೇಕಿನ ಪುಣ್ಯದಿಂದ ಎಳನೀರು ಗಾಡಿಯೊಂದಕ್ಕೆ ಮೊಳದಂತರದಲ್ಲಿ ನಿಂತೆವು. ಮನೆಗೆ ತಳ್ಳಿಕೊಂಡು ಬಂದು ಸ್ಟ್ಯಾಂಡಿಗೇರಿಸಿ ನೋಡಿದರೆ ಬ್ರೇಕು ಮತ್ತೆ ನಿಷ್ಕಳಂಕ!

ಈ ಮಾಯೆಯನ್ನು ಬಿಡಿಸಿದವರು ನಮ್ಮ ಪರಿಚಯದ ಒಬ್ಬ ವೃದ್ಧ ಮೇಸ್ತ್ರಿ. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬಂಡಿಗಳನ್ನು ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದವರು. ಅವರು ಸ್ಪ್ಯಾನರನ್ನು ಮುಟ್ಟಲಿಲ್ಲ. ಹೂ ಕಟ್ಟುವ ದಾರದ ಒಂದು ಮೊಳ ಕೇಳಿ ಪಡೆದು, ಅದರ ಒಂದು ತುದಿಯನ್ನು ಡ್ರಮ್ಮಿನ ಲಿವರಿಗೆ ಕಟ್ಟಿ, ಇನ್ನೊಂದನ್ನು ಹೊಸ ಪೆಡಲಿನ ತೋಳಿನ ತುದಿಯ ಬಳಿ ಹೆಬ್ಬೆರಳಿನಿಂದ ಬಿಗಿಯಾಗಿ ಒತ್ತಿ ಹಿಡಿದು, ‘ಸ್ಟ್ಯಾಂಡ್ ತೆಗೀರಿ ಸಾರ್, ಇಬ್ರೂ ಕೂತ್ಕೊಳ್ಳಿ’ ಎಂದರು. ನಾವು ಕುಳಿತೊಡನೆ ಸ್ಪ್ರಿಂಗುಗಳು ಕುಗ್ಗಿದವು, ಬಿಗಿಯಾಗಿದ್ದ ದಾರ ಜೋಲುಬಿತ್ತು. ‘ಎಳಿಯೋದೇನು ಬಂತು, ರಾಡೇ ಸಡ್ಲ ಆಗ್ಬಿಡ್ತಲ್ಲ’ ಎಂದು ಹೇಳಿ, ದಾರದ ತುದಿಯನ್ನು ಸ್ವಿಂಗ್ ಆರ್ಮಿನ ಅಚ್ಚಿನ ಮೇಲೆ ಹಿಡಿದು ಮತ್ತೆ ನಮ್ಮನ್ನು ಏಳಿಸಿ ಕೂರಿಸಿದರು. ಈ ಬಾರಿ ದಾರ ಎಳ್ಳಷ್ಟೂ ಸಡಲಲಿಲ್ಲ.

ದಾರದಲ್ಲಿ ಅಡಗಿದ್ದ ರೇಖಾಗಣಿತ ಹೀಗಿದೆ. ಹಿಂಚಕ್ರವು ಸ್ವಿಂಗ್ ಆರ್ಮಿನ ತುದಿಯಲ್ಲಿ, ಅದರ ಅಚ್ಚನ್ನು ಕೇಂದ್ರವಾಗಿಟ್ಟುಕೊಂಡು ಒಂದು ಕಂಸದಲ್ಲಿ ಮೇಲೆ ಕೆಳಗೆ ಆಡುತ್ತದೆ. ಕೇಂದ್ರದಿಂದ ಎಳೆದ ದಾರದ ಉದ್ದ ಕಂಸದ ಎಲ್ಲ ಬಿಂದುಗಳಿಗೂ ಒಂದೇ. ಎಳೆಯುವ ಬಿಂದು ಕೇಂದ್ರದಿಂದ 10 ಸೆಂಟಿಮೀಟರ್ ಮೇಲಿದ್ದು, ಆರ್ಮಿನ ಉದ್ದ 45 ಸೆಂಟಿಮೀಟರ್ ಇದ್ದರೆ, ಚಕ್ರವು 5 ಸೆಂಟಿಮೀಟರ್ ಮೇಲೆ ಬಂದಾಗ ಆ ಎರಡು ತುದಿಗಳ ಅಂತರ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚೇ ಕಡಮೆಯಾಗುತ್ತದೆ. ಡ್ರಮ್ ಬ್ರೇಕು ಹಿಡಿಯಲು ರಾಡು ಚಲಿಸಬೇಕಾದ ದೂರವೇ ಹೆಚ್ಚು ಕಡಮೆ ಅಷ್ಟು. ಇಬ್ಬರು ಕುಳಿತರೆ ಬ್ರೇಕು ಇಲ್ಲ. ಇಬ್ಬರು ಕುಳಿತಾಗಲೇ ಬಿಗಿಮಾಡಿದರೆ, ಉಬ್ಬು ದಾಟಿ ಚಕ್ರ ಕೆಳಗೆ ಜಾರಿದಾಗಲೆಲ್ಲ ಅದು ತಾನಾಗಿಯೇ ಕಚ್ಚುತ್ತದೆ.

ವಿಸ್ಮಯದ ಸಂಗತಿಯೊಂದು ಇದರಲ್ಲಿದೆ. ಅದೇ ಬಿಂದುವನ್ನು ಮೇಲಕ್ಕೊಯ್ಯದೆ 10 ಸೆಂಟಿಮೀಟರ್ ಹಿಂದಕ್ಕೆ ಮಾತ್ರ ಸರಿಸಿದ್ದರೆ, ಚಕ್ರದ ಅದೇ ಚಲನೆಗೆ ಅಂತರ ಬದಲಾಗುತ್ತಿದ್ದುದು ಒಂದು ಮಿಲಿಮೀಟರಿಗಿಂತಲೂ ಕಡಮೆ. ಆರ್ಮಿನ ಉದ್ದಕ್ಕೇ ಸರಿದ ಬಿಂದುವಿಗೆ ಚಕ್ರದ ಏರಿಳಿತ ಬಹುಮಟ್ಟಿಗೆ ಅಡ್ಡಲಾದ ಚಲನೆ. ಆರ್ಮಿನಿಂದ ಮೇಲೆದ್ದ ಬಿಂದುವಿಗೆ ಅದು ನೇರವಾಗಿ ಹತ್ತಿರ ಬರುವ, ದೂರ ಹೋಗುವ ಚಲನೆ. ರಿಯರ್‌ಸೆಟ್ ಎಂಬ ಹೆಸರು ಹಿಂದಕ್ಕೆ ಸರಿಯುವುದನ್ನು ಮಾತ್ರ ಸಾರುತ್ತದೆ. ತೊಂದರೆಯೆಲ್ಲ ಹೆಸರಿನಲ್ಲಿಲ್ಲದ ಆ ಮೇಲೇರುವಿಕೆಯಲ್ಲಿದೆ. ಕಾರ್ಖಾನೆಯವರು ಹಳೆಯ ಪೆಡಲಿನ ಬುಡವನ್ನು ಆರ್ಮಿನ ಅಚ್ಚಿನ ಮಟ್ಟಕ್ಕೆ ಹತ್ತಿರವಾಗಿ ಇಟ್ಟದ್ದು ಜಾಗವಿತ್ತೆಂದಲ್ಲ.

ಮೇಸ್ತ್ರಿಗಳ ಪರಿಹಾರ ಅತಿ ಮಿತವ್ಯಯದ್ದು. ಹಳೆಯ ಪೆಡಲನ್ನು ಅದರ ಸ್ಥಳದಲ್ಲಿಯೇ ಮತ್ತೆ ಕೂರಿಸಿ, ಪಾದ ತುಳಿಯುವ ಉದ್ದನೆಯ ಭಾಗವನ್ನು ಮಾತ್ರ ಕತ್ತರಿಸಿ, ಬುಡವನ್ನೂ ಎಳೆಯುವ ತೋಳನ್ನೂ ಸ್ಪ್ರಿಂಗನ್ನೂ ಬ್ರೇಕ್ ದೀಪದ ಸ್ವಿಚ್ಚನ್ನೂ ಉಳಿಸಿಕೊಂಡು, ಹೊಸ ಪೆಡಲಿನಿಂದ ಆ ಬುಡಕ್ಕೆ ಒಂದು ಗಿಡ್ಡ ಸರಳನ್ನು ಕೂಡಿಸಿದರು. ಪೆಡಲೂ ಬುಡವೂ ಎರಡೂ ಚಾಸಿಯಲ್ಲಿಯೇ ಇರುವುದರಿಂದ ಅವುಗಳ ನಡುವಣ ಅಂತರ ಎಷ್ಟು ಮಂದಿ ಕುಳಿತರೂ ಬದಲಾಗದು. ಬುಡದಿಂದ ಹಿಂದಕ್ಕೆ ಹೋಗುವ ಉದ್ದನೆಯ ರಾಡು ಕಾರ್ಖಾನೆಯ ಲೆಕ್ಕದಂತೆಯೇ ಇದ್ದಿತು. ಕತ್ತರಿಸಿ ಕೆಡಿಸಿದ್ದ ರಾಡಿನ ಬದಲು ಹೊಸದನ್ನು ಕೊಳ್ಳಬೇಕಾಯಿತು. ಕೆಲಸ ಮುಗಿಸಿ ಎಲೆಯಡಕೆ ಹಾಕಿಕೊಳ್ಳುತ್ತ ಅವರು, ‘ಯೆಜ್ಡಿಗೆ ಈ ಆಟ ಇಷ್ಟು ಸುಲಭ ಅಲ್ಲ ಸಾರ್’ ಎಂದರು. ನಿಜವೇ. ಆ ಬಂಡಿಗಳಲ್ಲಿ ಗೇರ್ ಲಿವರೇ ಕಿಕ್ಕರು ಕೂಡ. ಒಳಕ್ಕೆ ಒತ್ತಿ ಮೇಲಕ್ಕೆ ತಿರುವಿದರೆ ಇಂಜಿನನ್ನು ಎಬ್ಬಿಸುವ ಕೋಲು, ಮತ್ತೆ ಇಳಿಸಿದರೆ ಗೇರು. ಸಾಲದೆಂಬಂತೆ ಗೇರು ಬದಲಿಸುವಾಗ ಅದೇ ಲಿವರಿನ ಮೊದಲ ಚಲನೆ ಕ್ಲಚ್ಚನ್ನೂ ಬಿಡಿಸುತ್ತದೆ. ಮೂರು ಕೆಲಸಗಳನ್ನು ಹೊತ್ತ ಕೋಲನ್ನು ಸರಳಿನ ಮೂಲಕ ಹಿಂದಕ್ಕೊಯ್ಯಲು ಹೊರಟವನು ಇಂಜಿನನ್ನು ಎಬ್ಬಿಸುವುದು ಹೇಗೆಂದು ಮೊದಲು ಯೋಚಿಸಬೇಕು.

ನಮ್ಮ ಬಂಡಿಯ ಕಿಕ್ಕರಿಗೂ ಹೊಸ ಫುಟ್‌ರೆಸ್ಟಿಗೂ ಡಿಕ್ಕಿಯಾಗುತ್ತಿದ್ದುದನ್ನು ಮಡಚುವ ಕೀಲು ಪರಿಹರಿಸಿತು. ಈ ಕೀಲು ಮೇಲಕ್ಕೂ ಹಿಂದಕ್ಕೂ ಮಡಚುವಂತಿರಬೇಕೇ ಹೊರತು ಗಟ್ಟಿಯಾಗಿ ನಿಂತಿರಬಾರದು. ವಾಲಿದಾಗ ಗಟ್ಟಿ ತುದಿ ನೆಲಕ್ಕೆ ತಗುಲಿದರೆ ಅದು ಬಂಡಿಯನ್ನೇ ಮೀಟಿ ಚಕ್ರವನ್ನು ನೆಲದಿಂದ ಎತ್ತಿಬಿಡುವ ಇನ್ನೊಂದು ಸನ್ನೆಗೋಲಾಗುತ್ತದೆ. ಫಲಕಗಳ ದಪ್ಪವನ್ನು ಕಂಡು ಅಲಂಕಾರವೆಂದು ಭಾವಿಸಿದ್ದೆ; ಹಾಗಲ್ಲ. ಅಲ್ಯೂಮಿನಿಯಂ ಉಕ್ಕಿನ ಮೂರರಲ್ಲೊಂದು ತೂಕದ್ದು, ಬಿಗುವೂ ಮೂರರಲ್ಲೊಂದೇ; ಆದರೆ ಫಲಕದ ಬಿಗುವು ದಪ್ಪದ ಘನಕ್ಕೆ ಅನುಗುಣವಾದದ್ದರಿಂದ, 6 ಮಿಲಿಮೀಟರ್ ಉಕ್ಕಿಗೆ ಎಂಟೂವರೆ ಮಿಲಿಮೀಟರ್ ಅಲ್ಯೂಮಿನಿಯಂ ಸಮನಾಗಿ ನಿಲ್ಲುತ್ತದೆ, ಅರ್ಧ ತೂಕದಲ್ಲಿ. ನಿಮಿಷಕ್ಕೆ 6000 ಸುತ್ತು ಹೊಡೆಯುವ ಒಂಟಿ ಸಿಲಿಂಡರಿನ ಇಂಜಿನು ಸೆಕೆಂಡಿಗೆ ನೂರು ಬಾರಿ ಕಂಪಿಸಿ ಪ್ರತಿಯೊಂದು ಬೋಲ್ಟನ್ನೂ ಸಡಿಲಿಸಲು ಹವಣಿಸುತ್ತಿರುತ್ತದಾದ್ದರಿಂದ, ಮರೆಗಳಿಗೆ ಅಂಟು ಹಚ್ಚಿ, ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲವನ್ನೂ ಇನ್ನೊಮ್ಮೆ ಬಿಗಿದೆವು. ರಬ್ಬರಿಲ್ಲದ ಹೊಸ ಫುಟ್‌ರೆಸ್ಟು ಆ ಕಂಪನವನ್ನು ಅಂಗಾಲಿಗೆ ಏನೂ ಉಳಿಸಿಕೊಳ್ಳದೆ ತಲಪಿಸುತ್ತದೆ.

ಹನ್ನೆರಡನೆಯ ದಿನ ಬೆಳಗ್ಗೆ ಹುಡುಗ ಹೊರಡುವ ಸಡಗರದಲ್ಲಿದ್ದಾಗ ಅಕ್ಕ ತರಕಾರಿಯ ಚೀಲ ಹಿಡಿದು ಬಂದು ಹಿಂದಿನ ಸೀಟಿನಲ್ಲಿ ಒಂದು ಬದಿಗೆ ಕುಳಿತಳು. ಕಾಲು ಕೆಳಗೆ ತಡವರಿಸಿತು. ಹೊಸ ಫಲಕಕ್ಕೆ ಎಡೆಗೊಡಲೆಂದು ಹಿಂದಿನ ಸವಾರರ ಫುಟ್‌ರೆಸ್ಟುಗಳನ್ನು ನಾವು ಕಿತ್ತು ಎಸೆದಿದ್ದೆವು. ನಾನೇ ಅಂದು ತೂಗಾಡಿದ್ದರೂ ಮರೆತಿದ್ದೆವು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಹಿಂದೆ ಕೂರುವವರಿಗೆ ಕೈಹಿಡಿಯನ್ನೂ ಕಾಲೂರಲು ತಾಣವನ್ನೂ ಸೀರೆ ಚಕ್ರಕ್ಕೆ ಸಿಕ್ಕದಂತೆ ಮರೆಯನ್ನೂ ಕಡ್ಡಾಯ ಮಾಡಿದೆಯೆಂದು ನಾನು ಗಂಭೀರವಾಗಿ ಹೇಳತೊಡಗಿದೆ.

‘ನಿಯಮ ಹಾಗಿರ್ಲಿ, ನನ್ನ ಕಾಲೆಲ್ಲಿಡ್ಲಿ ಅದು ಹೇಳು’ ಎಂದಳು ಅಕ್ಕ.

ಹುಡುಗ ಬಂಡಿಯಿಂದಿಳಿದು ಸ್ಪ್ಯಾನರ್ ತರಲು ಒಳಗೆ ಹೋದ.